ಕಜ್ಜಿಯೂ ಅಂಜಿಕೆಯೂ

(ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನ ಪಶು ಆಸ್ಪತ್ರೆ. ನಿವೃತ್ತ ಹೈಸ್ಕೂಲು ಮೇಷ್ಟ್ರೊಬ್ಬರು ಬೀದಿಯಿಂದ ಮನೆಗೆ ತಂದುಕೊಂಡ ಹೆಣ್ಣುನಾಯಿಯನ್ನು ಕರೆತಂದಿದ್ದಾರೆ. ಅಲ್ಲಿಯ ಪಶುವೈದ್ಯೆ ಒಂದು ಕಾಲಕ್ಕೆ ಅವರ ವಿದ್ಯಾರ್ಥಿನಿ.)

ಡಾಕ್ಟರು: ಟೇಬಲ್ ಮೇಲೆ ಹತ್ತಿಸೋದು ಬೇಡ ಮೇಷ್ಟ್ರೇ. ಅದು ಆ ಮೂಲೆಯಲ್ಲೇ ಇರಲಿ, ನಾನೇ ನೆಲದ ಮೇಲೆ ಕೂತ್ಕೋತೀನಿ. ಚೈನು ಸಡಿಲ ಬಿಡಿ. ಮೊದಲು ಇದು ಹೇಳಿ, ರಾತ್ರಿ ನಿದ್ದೆ ಮಾಡುತ್ತಾ?

ಮೇಷ್ಟ್ರು: ಚರ್ಮ ತೋರಿಸೋಕೆ ಕರ್ಕೊಂಡು ಬಂದರೆ ನೀನು ನಿದ್ದೆ ಕೇಳ್ತಿದ್ದೀಯ. ಎಲ್ಲಿಯ ನಿದ್ದೆ ತಾಯಿ! ಕಣ್ಣು ಮುಚ್ಚಿ ಒಂದು ಗಳಿಗೆ ಆಗಿರಲ್ಲ, ಎದ್ದು ಕೂತು ಕಿವಿ ಕೆರ್ಕೊಳ್ಳುತ್ತೆ. ಆಮೇಲೆ ಹೊಟ್ಟೆ ಕಚ್ಕೊಳ್ಳುತ್ತೆ. ಕೆರ್ಕೊಳ್ಳುವಾಗ ಕಾಲು ನೆಲಕ್ಕೆ ಬಡಿಯೋ ಸದ್ದು ಬೆಳಗಿನ ಜಾವದವರೆಗೂ ಕೇಳ್ತಾನೇ ಇರುತ್ತೆ. ಹಗಲೆಲ್ಲ ಮಂಚದ ಕೆಳಗೆ. ಯಾರಾದರೂ ಕೈ ಎತ್ತಿದರೆ, ತಲೆ ಬಾಚ್ಕೊಳ್ಳೋಕೆ ಎತ್ತಿದರೂ ಸೈ, ನೆಲಕ್ಕೆ ಅಂಟಿಕೊಂಡುಬಿಡುತ್ತೆ. ಪೊರಕೆ ಕಂಡರಂತೂ ನಿಂತಲ್ಲೇ ಉಚ್ಚೆ ಹುಯ್ಯುತ್ತೆ. ಮೈಯ ರೋಗ ಹೇಗೋ ವಾಸಿಯಾದೀತು, ಈ ಪುಕ್ಕಲು ಸ್ವಭಾವ ಹೋಗಲ್ಲ ಅಂತಾಳೆ ನಮ್ಮನೆಯವಳು.

ಡಾಕ್ಟರು: ಎರಡನ್ನೂ ಬೇರೆ ಬೇರೆ ಮಾಡಿ ನೋಡಬೇಡಿ. ವಾರಗಟ್ಟಲೆ ನಿದ್ದೆ ಕೆಟ್ಟ ಮನುಷ್ಯನ ಹೆಗಲನ್ನ ಹಿಂದಿನಿಂದ ಮುಟ್ಟಿದರೆ ಅವನೂ ಬೆಚ್ಚಿಬೀಳ್ತಾನೆ. ಇದಕ್ಕೆ ಮೈತುಂಬ ಉರಿ, ಅದರ ಮೇಲೆ ನಿದ್ದೆಯಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಲರ್ಜಿ ತುರಿಕೆಯ 343 ನಾಯಿಗಳನ್ನ ಆರೋಗ್ಯವಾಗಿದ್ದ 552 ನಾಯಿಗಳ ಜೊತೆ ಇಟ್ಟು ನೋಡಿದರು. ತುರಿಕೆ ಹೆಚ್ಚಿದ ನಾಯಿಗಳಲ್ಲಿ ಕಂಡದ್ದನ್ನೆಲ್ಲ ಕಚ್ಚೋದು, ಸುಮ್ಮನಿರಲಾರದ ಚಡಪಡಿಕೆ, ತಿಂಡಿ ಕದಿಯೋದು, ಹೇಳಿಕೊಟ್ಟದ್ದು ತಲೆಗೆ ಹತ್ತದಿರೋದು ಎಲ್ಲವೂ ಜಾಸ್ತಿ ಇತ್ತು. ಮನೆಯವರು ಇಂಥ ನಾಯಿಗೆ ಬುದ್ಧಿ ಇಲ್ಲ ಅಂದುಬಿಡ್ತಾರೆ. ಬುದ್ಧಿ ಓಡಿಸೋಕೆ ಅದರ ಮೈ ಬಿಡ್ತಾ ಇಲ್ಲ, ಅಷ್ಟೇ.

ಮೇಷ್ಟ್ರು: ಹಾಗಾದರೆ ಇದಕ್ಕೂ ಅಲರ್ಜಿಯಾ?

ಡಾಕ್ಟರು: ನೋಡೋಣ ಇರಿ. ತುರಿಕೆ ಮೈಯಲ್ಲಿ ಎಲ್ಲಿದೆ ಅನ್ನೋದರಲ್ಲೇ ಅರ್ಧ ಉತ್ತರ ಇರುತ್ತೆ. ಬಾಲದ ಬುಡವನ್ನೇ ಕಚ್ಕೊಳ್ತಿದ್ದರೆ ಮೊದಲು ಚಿಗಟ ಹುಡುಕ್ತೀನಿ. ಪಾದ ನೆಕ್ತಾನೇ ಇರುತ್ತೆ, ಕಂಕುಳು ಕೆಂಪಾಗಿದೆ, ಕಿವಿಯೊಳಗೆ ಪದೇ ಪದೇ ಸೋಂಕು ಅಂದರೆ ಅಲರ್ಜಿ ಕಡೆ ಯೋಚನೆ ಹೋಗುತ್ತೆ. ಎಳೇ ನಾಯಿಗೆ ಅಲ್ಲಲ್ಲಿ ಕೂದಲು ಉದುರಿದೆ, ಆದರೆ ಅಷ್ಟೇನೂ ಕೆರ್ಕೊಳ್ಳಲ್ಲ ಅಂದರೆ ಡೆಮೊಡೆಕ್ಸ್ ಅನ್ನೋ ನುಸಿ ಇರಬಹುದು. ಇದರದ್ದು ನೋಡಿ. ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಗಂಟು, ಹೊಟ್ಟೆ. ಬೆನ್ನಿನ ಮೇಲೆ ಕೂದಲು ಚೆನ್ನಾಗೇ ಇದೆ. ಹಕ್ಕಳೆ ಕಟ್ಟಿರೋದೆಲ್ಲ ಕೂದಲು ತೆಳ್ಳಗಿರೋ ಜಾಗದಲ್ಲಿ. ಈಗ ಈ ಕಿವಿಯ ಅಂಚನ್ನ ಬೆರಳಲ್ಲಿ ಮೆತ್ತಗೆ ಉಜ್ಜಿದರೆ... ನೋಡಿದಿರಾ? ಹಿಂಗಾಲು ತಾನಾಗೇ ಕೆರೆಯೋಕೆ ಶುರು ಮಾಡ್ತು. ಕಜ್ಜಿ ಹತ್ತಿದ ಬಹುಪಾಲು ನಾಯಿಗಳು ಹೀಗೇ ಮಾಡ್ತವೆ. ಮನೇಲಿ ಯಾರಿಗಾದರೂ ಮೈಮೇಲೆ ಕೆಂಪು ಗುಳ್ಳೆ ಎದ್ದಿದೆಯಾ?

ಮೇಷ್ಟ್ರು: ಮೊಮ್ಮಗನಿಗೆ ಎದ್ದಿದೆ, ಮುಂಗೈ ಮೇಲೆ, ಹೊಟ್ಟೆ ಮೇಲೆ. ಸೊಳ್ಳೆ ಕಚ್ಚಿರಬೇಕು ಅಂದ್ಕೊಂಡಿದ್ವಿ. ಇದು ಅವನೊಬ್ಬನ ಹತ್ತಿರ ಮಾತ್ರ ಹೋಗಿ ಒರಗಿಕೊಂಡು ಮಲಗುತ್ತೆ.

ಡಾಕ್ಟರು: ಹಾಗಾದರೆ ಬಹುಮಟ್ಟಿಗೆ ಸಾರ್ಕಾಪ್ಟಿಸ್ ಅನ್ನೋ ಕಜ್ಜಿ ನುಸಿ ಅಂತಲೇ ಇಟ್ಕೊಳ್ಳಿ. ನಮ್ಮ ಸೀಮೆಯ ತೆಂಗಿನ ತೋಟಗಳಿಗೆ ನುಸಿ ಬಂದಿತ್ತಲ್ಲ, ಅದರ ದೂರದ ನೆಂಟ. ಕಣ್ಣಿಗೆ ಕಾಣಲ್ಲ. ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ಅಲ್ಲೇ ಮೊಟ್ಟೆ ಇಡುತ್ತೆ. ಮೊಟ್ಟೆಯಿಂದ ಬಲಿತ ನುಸಿಯಾಗೋಕೆ ಸುಮಾರು ಮೂರು ವಾರ. ನಾಯಿಯ ನುಸಿ ಮನುಷ್ಯನ ಮೈಮೇಲೆ ಸಂಸಾರ ಹೂಡಲಾರದು, ಕಚ್ಚಿ ಗುಳ್ಳೆ ಎಬ್ಬಿಸಿ ಸಾಯುತ್ತೆ. ನಾಯಿಗೆ ವಾಸಿಯಾದರೆ ಹುಡುಗನಿಗೂ ವಾಸಿಯಾಗುತ್ತೆ. ಆಗಲಿಲ್ಲ ಅಂದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ, ಮನೆಯ ನಾಯಿಗೆ ಕಜ್ಜಿ ಇತ್ತು ಅನ್ನೋದನ್ನ ಮರೆಯದೆ ಹೇಳಿ.

ಮೇಷ್ಟ್ರು: ಪರೀಕ್ಷೆ ಏನಾದರೂ ಇದೆಯಾ?

ಡಾಕ್ಟರು: ಚರ್ಮ ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡ್ತೀನಿ. ಡೆಮೊಡೆಕ್ಸ್ ಇದ್ದರೆ ಸುಲಭವಾಗಿ ಕಾಣುತ್ತೆ, ಅದು ಕೂದಲ ಬುಡದಲ್ಲಿ ಗುಂಪಾಗಿ ಇರೋದು. ಅದು ತಾಯಿಯಿಂದ ಮರಿಗೆ ಹುಟ್ಟಿದ ಮೊದಲ ದಿನಗಳಲ್ಲೇ ಬಂದಿರುತ್ತೆ, ದೊಡ್ಡ ನಾಯಿಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಅಂಟಲ್ಲ. ಸಾರ್ಕಾಪ್ಟಿಸ್ ಮಾತ್ರ ಎಷ್ಟೋ ಸಲ ಕೈಗೆ ಸಿಗಲ್ಲ. ಸಿಗಲಿಲ್ಲ ಅಂದರೆ ಇಲ್ಲ ಅಂತಲ್ಲ. ಲಕ್ಷಣ ಇಷ್ಟು ಸ್ಪಷ್ಟವಾಗಿದ್ದಾಗ ಔಷಧಿ ಕೊಟ್ಟು, ವಾಸಿಯಾಗೋದನ್ನೇ ಪುರಾವೆ ಅಂತ ತಗೋಬೇಕು.

ಮೇಷ್ಟ್ರು: ಔಷಧಿ ಅಂದೆ, ನೆನಪಾಯ್ತು. ನಮ್ಮ ಬೀದಿಯವರೊಬ್ಬರು ಗ್ಯಾರೇಜಿಂದ ಹಳೇ ಎಂಜಿನ್ ಆಯಿಲ್ ಡಬ್ಬೀಲಿ ತಂದೇ ಕೊಟ್ಟರು. ಒಂದು ಸಲ ಸುರಿದರೆ ಕಜ್ಜಿ ಮಾಯ ಅಂದರು. ಇನ್ನೊಬ್ಬರು ಸೀಮೆಎಣ್ಣೆ ಅಂದರು.

ಡಾಕ್ಟರು: ಸುರಿಯಲಿಲ್ಲ ತಾನೇ?

ಮೇಷ್ಟ್ರು: ಇಲ್ಲ. ಡಬ್ಬಿ ವಾಪಸು ಕೊಟ್ಟೆ.

ಡಾಕ್ಟರು: ಒಳ್ಳೇದಾಯ್ತು. ಈ ಆಸ್ಪತ್ರೆಗೆ ಬರೋ ನಾಯಿಗಳಲ್ಲಿ ನನಗೆ ಅತ್ಯಂತ ಸಂಕಟ ಆಗೋದು ಎಂಜಿನ್ ಆಯಿಲ್ ಹಚ್ಚಿಸಿಕೊಂಡು ಬಂದವನ್ನ ನೋಡಿದಾಗ. ಬಿರುಕು ಬಿಟ್ಟ ಚರ್ಮದ ಮೂಲಕ ಅದು ಒಳಗಿಳಿಯುತ್ತೆ. ಮೈಗೆ ಏನು ಹಚ್ಚಿದರೂ ನಾಯಿ ನೆಕ್ಕಿಯೇ ನೆಕ್ಕುತ್ತೆ, ಹೊಟ್ಟೆಗೂ ಹೋಗುತ್ತೆ. ಲಿವರು, ಕಿಡ್ನಿ ಎರಡಕ್ಕೂ ಏಟು. ಸೀಮೆಎಣ್ಣೆ ಚರ್ಮವನ್ನ ಸುಡುತ್ತೆ, ನೆಕ್ಕುವಾಗ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಫಿನಾಯಿಲ್ ಕೂಡ ವಿಷವೇ. ಇನ್ನೊಂದು ಯೋಚನೆ ಮಾಡಿ. ನಾಲ್ಕು ಜನ ಸೇರಿ ಹಗ್ಗ ಹಾಕಿ, ಅದುಮಿ ಹಿಡಿದು, ಉರಿಯೋದನ್ನ ಮೈಮೇಲೆ ಸುರಿದರೆ ಅದು ಔಷಧಿ ಅಂತ ಆ ಪ್ರಾಣಿಗೆ ಹೇಳಿಕೊಡೋರು ಯಾರು? ಮನುಷ್ಯರು ಹತ್ತಿರ ಬಂದರೆ ಹೀಗಾಗುತ್ತೆ ಅನ್ನೋದೊಂದೇ ಅದಕ್ಕೆ ಉಳಿಯೋದು. ಆಮೇಲೆ ಅದು ಕಚ್ಚಿದರೆ ಹುಚ್ಚುನಾಯಿ ಅಂತೀವಿ.

ಮೇಷ್ಟ್ರು: ಬೇವಿನ ಸೊಪ್ಪು ಕುದಿಸಿದ ನೀರು?

ಡಾಕ್ಟರು: ತಣ್ಣಗಾದ ಮೇಲೆ ಹಾಕಿದರೆ ಕೆಡುಕೇನೂ ಇಲ್ಲ. ಆದರೆ ಸುರಂಗದೊಳಗಿರೋ ನುಸಿಗೆ ಅದರಿಂದ ಏನೂ ಆಗಲ್ಲ. ಬೇವು, ಅರಿಸಿನ ಅಂತ ತಿಂಗಳು ಕಳೆಯೋದರೊಳಗೆ ಕಿವಿಯಲ್ಲಿದ್ದ ಕಜ್ಜಿ ಮೈಗೆಲ್ಲ ಹಬ್ಬಿರುತ್ತೆ. ನನ್ನ ಜಗಳ ಬೇವಿನ ಜೊತೆಗಲ್ಲ, ಹಾಗೆ ಕಳೆದುಹೋಗೋ ತಿಂಗಳ ಜೊತೆಗೆ.

ಮೇಷ್ಟ್ರು: ನೀನೇನು ಕೊಡ್ತೀಯ ಹೇಳು.

ಡಾಕ್ಟರು: ಮೊದಲಾಗಿದ್ದರೆ ಅಮಿಟ್ರಾಜ್ ಬೆರೆಸಿದ ನೀರಲ್ಲಿ ಮತ್ತೆ ಮತ್ತೆ ಮೈ ತೊಯ್ಸಿ ಅಂತ ಹೇಳ್ತಿದ್ದೆ. ಈ ನಾಯಿಗೆ ಅದು ಬೇಡವೇ ಬೇಡ. ಹಿಡಿದು ತೊಯ್ಸೋ ಒಂದೊಂದು ಸಲಕ್ಕೂ ನೀವು ಗಳಿಸಿದ ನಂಬಿಕೆ ಕರಗುತ್ತೆ. ಈಗ ಅಗಿದು ತಿನ್ನೋ ಮಾತ್ರೆಗಳಿವೆ. ಫ್ಲುರಲನರ್, ಸರೋಲನರ್, ಅಫಾಕ್ಸೊಲನರ್ ಅಂತ. ಚಿಗಟ, ಉಣ್ಣೆಗೆ ಅಂತ ಬಂದವು, ನುಸಿಯನ್ನೂ ಚೆನ್ನಾಗಿ ಕೊಲ್ತವೆ. ತೂಕ ನೋಡಿ ಕೊಡಬೇಕು. ಫಿಟ್ಸ್ ಬರೋ ನಾಯಿಗೆ ಎಚ್ಚರದಿಂದ ಕೊಡಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಆ ಎಚ್ಚರಿಕೆ ಕೊಟ್ಟಿದೆ. ಇದಕ್ಕೆ ಯಾವತ್ತಾದರೂ ಫಿಟ್ಸ್ ಬಂದದ್ದು ನೋಡಿದೀರಾ?

ಮೇಷ್ಟ್ರು: ಇಲ್ಲ. ನಡುಗುತ್ತೆ, ಆದರೆ ಎಚ್ಚರ ತಪ್ಪಲ್ಲ.

ಡಾಕ್ಟರು: ಸರಿ. ಇಂಜೆಕ್ಷನ್ ರೂಪದಲ್ಲಿ ಐವರ್ಮೆಕ್ಟಿನ್ ಇದೆ, ಬೀದಿನಾಯಿಗಳಿಗೆ ಬಹಳ ಕಾಲದಿಂದ ಬಳಸ್ತಾ ಬಂದಿದೀವಿ. ಅದಕ್ಕೆ ದಾರಿ ಮಾಡಿದ ಸಂಶೋಧನೆಗೆ 2015ರಲ್ಲಿ ನೊಬೆಲ್ ಬಂತು. ಆದರೆ ದನಕ್ಕೆ ತಂದ ಬಾಟಲಿಯಿಂದ ಅಂದಾಜಿನ ಮೇಲೆ ನಾಯಿಗೆ ಚುಚ್ಚೋರಿದ್ದಾರೆ. ದನದ ಔಷಧಿ ಬಹಳ ಗಟ್ಟಿ, ಅಳತೆ ತಪ್ಪಿದರೆ ಮಿದುಳಿಗೆ ಹೋಗಬಹುದು. ಕೋಲಿ ಜಾತಿಯ ನಾಯಿಗಳಲ್ಲಿ ಮಿದುಳನ್ನ ಕಾಯೋ ಒಂದು ಜೀನ್ ಕೆಟ್ಟಿರೋದು ಸಾಮಾನ್ಯ, ಅವಕ್ಕೆ ಕಜ್ಜಿಗೆ ಕೊಡೋ ಅಳತೆಯೇ ವಿಷವಾಗಬಹುದು.

ಮೇಷ್ಟ್ರು: ಯಾವುದೋ ಒಂದು ಇಂಜೆಕ್ಷನ್ ಕೊಟ್ಟರೆ ನಾಳೆಗೇ ಕೆರೆತ ನಿಲ್ಲುತ್ತೆ ಅಂತಾರಲ್ಲ?

ಡಾಕ್ಟರು: ಅದು ಸ್ಟೀರಾಯ್ಡ್. ನಿಲ್ಲುತ್ತೆ ನಿಜ. ಅಲರ್ಜಿಗೆ ಲೆಕ್ಕ ಹಾಕಿ ಕೊಟ್ಟರೆ ಒಳ್ಳೆಯ ಔಷಧಿಯೇ. ಕಾರಣ ಹುಡುಕದೆ ಕೊಟ್ಟರೆ ತುರಿಕೆ ಅಡಗುತ್ತೆ, ನುಸಿ ಬೆಳೆಯುತ್ತೆ. ಡೆಮೊಡೆಕ್ಸ್ ಇದ್ದ ನಾಯಿಗೆ ಕೊಟ್ಟರಂತೂ ರೋಗನಿರೋಧಕ ಶಕ್ತಿ ಕುಗ್ಗಿ ಮೈಯೆಲ್ಲ ಹುಣ್ಣಾಗಬಹುದು. ನುಸಿ ಸಾಯೋ ಮೊದಲ ದಿನಗಳಲ್ಲಿ ಕೆರೆತ ಸ್ವಲ್ಪ ಹೆಚ್ಚಾದರೂ ಹೆದರಬೇಡಿ. ನಿದ್ದೆ ಬರೋ ಹಾಗೆ ತುರಿಕೆ ತಗ್ಗಿಸೋ ಬೇರೆ ಮಾತ್ರೆ ಬರೀತೀನಿ, ಕೆಲವು ದಿನಕ್ಕೆ ಮಾತ್ರ. ಕೆರೆದ ಗಾಯದಲ್ಲಿ ಕೀವಾಗಿದೆ, ಅದಕ್ಕೊಂದು ಆಂಟಿಬಯೋಟಿಕ್. ಗಾಯ ಒಣಗಿತು ಅಂತ ಅರ್ಧಕ್ಕೆ ನಿಲ್ಲಿಸಬಾರದು.

ಮೇಷ್ಟ್ರು: ಸ್ನಾನ?

ಡಾಕ್ಟರು: ಈಗ ಬೇಡ. ಕ್ಲೋರ್‌ಹೆಕ್ಸಿಡಿನ್ ಶ್ಯಾಂಪೂ ಇದೆ, ನೊರೆ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೀಬೇಕು. ಹತ್ತು ನಿಮಿಷ ಬಚ್ಚಲುಮನೆಯಲ್ಲಿ ನಿಲ್ಲೋ ಧೈರ್ಯ ಇದಕ್ಕೆ ಇನ್ನೂ ಇಲ್ಲ. ಅದು ಬರೋವರೆಗೆ ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನ ನಾನು ಹೇಳೋ ಹದಕ್ಕೆ ನೀರಲ್ಲಿ ಬೆರೆಸಿ, ಬಟ್ಟೆಯಲ್ಲಿ ಅದ್ದಿ ಗಾಯದ ಮೇಲೆ ಒತ್ತಿದರೆ ಸಾಕು. ನಾವು ಹಚ್ಚಿಕೊಳ್ಳೋ ಸೋಪು ಬೇಡ, ಅದು ನಾಯಿಯ ಚರ್ಮಕ್ಕೆ ಹೊಂದಲ್ಲ. ಮಲಗೋ ಗೋಣಿಚೀಲ, ಹಳೇ ಸೀರೆ ಏನಿದೆಯೋ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಚಿಗಟದ ವಿಷಯದಲ್ಲಿ ಇದು ಇನ್ನೂ ಮುಖ್ಯ. ನಾಯಿಯ ಮೈಮೇಲೆ ಕಾಣೋ ಚಿಗಟ ಒಟ್ಟು ಸಂಸಾರದ ನೂರಕ್ಕೆ ಐದು ಭಾಗ ಮಾತ್ರ. ಉಳಿದ 95 ಭಾಗ ಮೊಟ್ಟೆ, ಮರಿಹುಳು, ಗೂಡು ಅಂತ ಮನೆಯ ಸಂದುಗೊಂದಿನಲ್ಲಿ ಇರುತ್ತೆ.

ಮೇಷ್ಟ್ರು: ಊಟ? ಕೋಳಿ ತಿನ್ನೋದಕ್ಕೇ ಕಜ್ಜಿ ಬರೋದು ಅಂತ ಬೀದಿಯಲ್ಲಿ ಎಲ್ಲರದ್ದೂ ಒಂದೇ ಮಾತು. ನಮ್ಮದು ಸಸ್ಯಾಹಾರದ ಮನೆ, ಮೊಸರನ್ನ, ಮುದ್ದೆ ಹಾಕ್ತೀವಿ.

ಡಾಕ್ಟರು: ಆಹಾರದ ಅಲರ್ಜಿ ಇರೋ ನಾಯಿಗಳಿವೆ, ಅದರಲ್ಲಿ ಕೋಳಿಯದ್ದೂ ಒಂದು, ಹಾಲಿನದ್ದೂ ಒಂದು, ಗೋಧಿಯದ್ದೂ ಒಂದು. ಪತ್ತೆ ಮಾಡಬೇಕಾದರೆ ಅದು ಹಿಂದೆಂದೂ ತಿನ್ನದ ಒಂದೇ ಆಹಾರವನ್ನ ಎಂಟು ವಾರ ಕೊಟ್ಟು ನೋಡಬೇಕು. ನುಸಿ ಕಣ್ಣೆದುರಿಗಿರುವಾಗ ಆ ಪಾಡು ಈಗ ಬೇಡ. ಆದರೆ ಬರೀ ಮುದ್ದೆ ಮೊಸರನ್ನದಲ್ಲಿ ಚರ್ಮ ಕೂಡಲ್ಲ ಮೇಷ್ಟ್ರೇ. ಮೊಟ್ಟೆ ಮನೆಯೊಳಗೆ ಬೇಯಿಸೋಕೆ ಆಗಲ್ಲ ಅಂದರೆ ನಾಯಿಗಂತಲೇ ಸಿಗೋ ಒಣ ಆಹಾರ ಜೊತೆಗೆ ಕೊಡಿ. ಸಾಂಬಾರಿನ ಈರುಳ್ಳಿ, ಪಾಯಸದ ದ್ರಾಕ್ಷಿ ಎರಡೂ ನಾಯಿಗೆ ವಿಷ, ಅದು ನೆನಪಿರಲಿ.

ಮೇಷ್ಟ್ರು: ಮೈಯ ಕತೆ ಅರ್ಥವಾಯ್ತು. ಈಗ ಆ ಪೊರಕೆಯ ಕತೆ ಹೇಳು. ಇದನ್ನ ನೋಡಿದಾಗಲೆಲ್ಲ ನನಗೆ ಆದಿಪರ್ವದ ಸರಮೆ ನೆನಪಾಗ್ತಾಳೆ. ಕುರುಕ್ಷೇತ್ರದಲ್ಲಿ ಜನಮೇಜಯನ ಯಾಗ ನಡೀತಿರುತ್ತೆ. ಒಂದು ನಾಯಿಮರಿ ಅಲ್ಲಿಗೆ ಬರುತ್ತೆ. ರಾಜನ ತಮ್ಮಂದಿರು ಹೊಡೆದು ಓಡಿಸ್ತಾರೆ. ಅಳ್ತಾ ಹೋದ ಮರಿಯನ್ನ ತಾಯಿ ಸರಮೆ ಕೇಳ್ತಾಳೆ, ನೀನೇನಾದರೂ ತಪ್ಪು ಮಾಡಿದೆಯಾ ಅಂತ. ಹವಿಸ್ಸಿನ ಕಡೆ ನೋಡಲಿಲ್ಲ, ನೆಕ್ಕಲಿಲ್ಲ ಅನ್ನುತ್ತೆ ಮರಿ. ಸರಮೆ ನೇರ ಯಾಗಶಾಲೆಗೇ ಹೋಗಿ ಯಾಕೆ ಹೊಡೆದಿರಿ ಅಂತ ಕೇಳ್ತಾಳೆ. ಯಾರೂ ಉತ್ತರ ಕೊಡಲ್ಲ. ಆಗ ಶಾಪ ಕೊಡ್ತಾಳೆ: ನೀವು ಕಾಣದ ಕಡೆಯಿಂದ ನಿಮಗೆ ಭಯ ಬರಲಿ ಅಂತ. ಮಹಾಭಾರತದ ಅಷ್ಟು ದೊಡ್ಡ ಕತೆ ಬಿಚ್ಚಿಕೊಳ್ಳೋ ಮೊದಲೇ ಬರೋ ಪ್ರಸಂಗ ಇದು.

ಡಾಕ್ಟರು: ಎಂಥ ಶಾಪ ಮೇಷ್ಟ್ರೇ! ಏಟು ಕೊಡ್ತೀನಿ ಅನ್ನಲಿಲ್ಲ, ಎಲ್ಲಿಂದ ಬರುತ್ತೆ ಗೊತ್ತಾಗದ ಭಯ ಕೊಟ್ಟಳು. ತನ್ನ ಮರಿಗೆ ಆದದ್ದನ್ನೇ ತಿರುಗಿಸಿ ಕೊಟ್ಟಳು. ಈ ನಾಯಿಯ ಕಷ್ಟವೂ ಅದೇ. ಬೀದಿಯಲ್ಲಿ ಅನ್ನ ಹಾಕೋ ಕೈಯೂ ಮನುಷ್ಯನದೇ, ಕಲ್ಲು ಬೀಸೋ ಕೈಯೂ ಮನುಷ್ಯನದೇ. ಎತ್ತಿದ ಕೈಯಲ್ಲಿ ಏನಿದೆ ಅಂತ ಅದಕ್ಕೆ ಮೊದಲೇ ತಿಳಿಯೋ ದಾರಿ ಇಲ್ಲ. ಹಾಗಾಗಿ ಭಯಕ್ಕೆ ಮೊದಲ ಮದ್ದು ಅಂದರೆ ಮುಂದೇನಾಗುತ್ತೆ ಅಂತ ಅದಕ್ಕೆ ಗೊತ್ತಾಗೋ ಹಾಗೆ ಮಾಡೋದು. ಊಟ ಅದೇ ಹೊತ್ತಿಗೆ, ಅದೇ ಜಾಗದಲ್ಲಿ. ಹೊರಗೆ ಕರ್ಕೊಂಡು ಹೋಗೋದು ಅದೇ ದಾರಿಯಲ್ಲಿ. ಮುಟ್ಟೋಕೆ ಮೊದಲು ಅದೇ ಮಾತು. ಮಂಚದ ಕೆಳಗಿನ ಜಾಗ ಅದರದ್ದು, ಅಲ್ಲಿಗೆ ಯಾರೂ ಕೈ ಹಾಕಬಾರದು, ಎಳೀಬಾರದು, ಗುಡಿಸೋಕೂ ಹೋಗಬಾರದು.

ಮೇಷ್ಟ್ರು: ಮೊಮ್ಮಗನ ಹತ್ತಿರ ಮಾತ್ರ ಯಾಕೆ ಹೋಗುತ್ತೆ? ಅವನೇನೂ ಮುದ್ದು ಮಾಡಲ್ಲ. ನೆಲದ ಮೇಲೆ ಕೂತು ಅವನ ಪಾಡಿಗೆ ಕಾಮಿಕ್ಸ್ ಓದ್ತಿರ್ತಾನೆ.

ಡಾಕ್ಟರು: ಅದಕ್ಕೇ! ಅವನು ನೆಲದ ಮೇಲಿದ್ದಾನೆ, ಮೇಲಿಂದ ಬಾಗಲ್ಲ. ಕಣ್ಣಿಟ್ಟು ನೋಡಲ್ಲ. ಕೈ ಚಾಚಲ್ಲ. ಹತ್ತಿರ ಹೋಗಬೇಕೋ ಬೇಡವೋ ಅನ್ನೋ ತೀರ್ಮಾನ ನಾಯಿಯದು. ನೀವೂ ಹಾಗೇ ಮಾಡಿ. ಪಕ್ಕಕ್ಕೆ ತಿರುಗಿ ಕೂತು ಪೇಪರ್ ಓದಿ. ಬಂದು ಮೂಸಿದರೆ ಸುಮ್ಮನಿರಿ. ಮುಟ್ಟೋದಾದರೆ ತಲೆಯ ಮೇಲೆ ಬೇಡ, ಎದೆಯ ಹತ್ತಿರ, ಎರಡು ಮೂರು ಸೆಕೆಂಡ್ ಸವರಿ ಕೈ ತೆಗೀರಿ. ಇನ್ನೂ ಬೇಕು ಅಂತ ಒರಗಿದರೆ ಮುಂದುವರಿಸಿ, ಮುಖ ತಿರುಗಿಸಿದರೆ ಅಷ್ಟಕ್ಕೇ ಬಿಡಿ.

ಮೇಷ್ಟ್ರು: ಮುಖ ತಿರುಗಿಸೋದು ಅಂದರೆ ಬೇಡ ಅಂತಲಾ?

ಡಾಕ್ಟರು: ಹೌದು. ತುಟಿ ನೆಕ್ಕೋದು, ನಿದ್ದೆ ಬರದಿದ್ದರೂ ಆಕಳಿಸೋದು, ಕಣ್ಣಿನ ಬಿಳಿ ಭಾಗ ಕಾಣೋ ಹಾಗೆ ಓರೆಯಾಗಿ ನೋಡೋದು, ಕಿವಿ ಹಿಂದಕ್ಕೆ ಒತ್ತೋದು, ಇದ್ದಕ್ಕಿದ್ದಂತೆ ಅಲುಗಾಡದೆ ನಿಂತುಬಿಡೋದು, ಇವೆಲ್ಲ ಬೇಡ ಅನ್ನೋದರ ಬೇರೆ ಬೇರೆ ರೀತಿ. ಇದ್ಯಾವುದಕ್ಕೂ ನಾವು ಕಿವಿಗೊಡದಿದ್ದಾಗ ಗುರ್ ಅನ್ನುತ್ತೆ. ಗುರ್ ಅಂದದ್ದಕ್ಕೆ ಹೊಡೆದರೆ ಮುಂದಿನ ಸಲ ಗುರ್ ಅನ್ನದೆ ಕಚ್ಚುತ್ತೆ. ಎಚ್ಚರಿಕೆ ಕೊಡೋ ನಾಯಿಗೆ ನಾವು ಋಣಿಯಾಗಿರಬೇಕು.

ಮೇಷ್ಟ್ರು: ಕಚ್ಚಿಬಿಟ್ಟರೆ?

ಡಾಕ್ಟರು: ಗಾಯವನ್ನ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಶುರು ಮಾಡಿಸಬೇಕು. ಪರಚಿದರೂ ಅಷ್ಟೇ. ಮನೆಯ ನಾಯಿ ತಾನೇ ಅಂತ ಬಿಡಬಾರದು. ಇದಕ್ಕೂ ಇವತ್ತೇ ರೇಬಿಸ್ ಲಸಿಕೆ ಹಾಕ್ತೀನಿ, ಆಮೇಲೆ ವರ್ಷಕ್ಕೊಮ್ಮೆ. ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತಿಲ್ಲ, ಅಂದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿಲ್ಲ. ಚರ್ಮ ವಾಸಿಯಾದ ಮೇಲೆ ಅದನ್ನೂ ಮಾಡಿಸೋಣ.

ಮೇಷ್ಟ್ರು: ಪೊರಕೆಯನ್ನ ಮನೆಯಿಂದ ಆಚೆ ಹಾಕೋಕೆ ಆಗಲ್ಲವಲ್ಲಮ್ಮ.

ಡಾಕ್ಟರು: ಬೇಕಾಗಿಲ್ಲ. ಬಿ.ಎಡ್‌ನಲ್ಲಿ ಪಾವ್ಲೋವ್ ಓದಿದೀರಲ್ಲ, ಅದನ್ನೇ ಈಗ ಮಾಡೋದು. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಅನ್ನೋ ಮನಶ್ಶಾಸ್ತ್ರಜ್ಞೆ ಮೊಲ ಕಂಡರೆ ಚೀರ್ತಿದ್ದ ಪುಟ್ಟ ಹುಡುಗನೊಬ್ಬನ ಭಯ ಬಿಡಿಸಿದ್ದನ್ನ ಬರೆದಳು. ಅವನು ಇಷ್ಟದ ತಿಂಡಿ ತಿಂತಾ ಕೂತಿರುವಾಗ ಮೊಲವನ್ನ ದೂರದಲ್ಲಿಟ್ಟು, ದಿನ ಕಳೆದಂತೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದಳು. ಕೊನೆಗೆ ಅವನು ಮೊಲವನ್ನ ಮುಟ್ಟಿ ಆಡಿಸಿದ. ನಾಯಿಗೂ ಅದೇ ಹಾದಿ. ಪೊರಕೆಯನ್ನ ಹಿತ್ತಲ ಬಾಗಿಲ ಹತ್ತಿರ ನೆಲದ ಮೇಲೆ ಮಲಗಿಸಿ. ಈ ತುದಿಯಲ್ಲಿ ನಾಯಿ. ಅದು ಪೊರಕೆಯನ್ನ ನೋಡಿದ ಕೂಡಲೇ ಪನ್ನೀರಿನ ಒಂದು ಚೂರು. ಮೊದಲು ಪೊರಕೆ ಕಾಣಬೇಕು, ಆಮೇಲೆ ಪನ್ನೀರು ಬರಬೇಕು. ತಿರುಗಾಮುರುಗಾ ಆದರೆ ಪನ್ನೀರು ಕಂಡರೇ ಹೆದರೋಕೆ ಶುರುವಾಗಬಹುದು. ತಿನ್ನೋದನ್ನ ನಿಲ್ಲಿಸಿತು ಅಂದರೆ ಪೊರಕೆ ತೀರಾ ಹತ್ತಿರ ಬಂದಿದೆ ಅಂತ, ಹಿಂದಕ್ಕೆ ಇಡಿ. ಮಲಗಿದ ಪೊರಕೆಗೆ ಹೆದರದಿದ್ದರೆ ಗೋಡೆಗೆ ಒರಗಿಸಿದ ಪೊರಕೆ, ಅದಾದ ಮೇಲೆ ಕೈಯಲ್ಲಿ ಹಿಡಿದು ಸುಮ್ಮನೆ ನಿಲ್ಲೋದು, ಕಟ್ಟಕಡೆಗೆ ಗುಡಿಸೋದು. ಈ ಪಾಠ ನಡೆಯುವಷ್ಟು ಕಾಲ, ನಿಜವಾಗಿ ಮನೆ ಗುಡಿಸುವಾಗ ನಾಯಿ ಬೇರೆ ಕೋಣೆಯಲ್ಲಿರಲಿ.

ಮೇಷ್ಟ್ರು: ಇಷ್ಟು ನಿಧಾನ? ಒಂದು ಗದರಿಕೆ ಹಾಕಿ ಪೊರಕೆ ಮುಂದೆ ನಿಲ್ಲಿಸಿದರೆ ತಾನಾಗೇ ಅಭ್ಯಾಸ ಆಗುತ್ತೆ ಅಂತ ನಾಯಿ ಸಾಕಿದ ನನ್ನ ಸ್ನೇಹಿತರು ಹೇಳ್ತಾರೆ. ಪ್ರಾಣಿಗೆ ಯಜಮಾನ ಯಾರು ಅಂತ ಗೊತ್ತಿರಬೇಕಂತೆ.

ಡಾಕ್ಟರು: ಹಾಗೆ ನಿಲ್ಲಿಸಿದಾಗ ಅದು ಅಲುಗಾಡದೆ ನಿಲ್ಲುತ್ತೆ. ಭಯ ಹೋಯ್ತು ಅಂತ ನೋಡೋರು ಅಂದ್ಕೋತಾರೆ. ಓಡೋಕೂ ದಾರಿಯಿಲ್ಲ ಅಂತ ಅದು ಕೈಚೆಲ್ಲಿರುತ್ತೆ. ಪ್ರಾಣಿ ವರ್ತನೆಯ ಬಗ್ಗೆ ಕೆಲಸ ಮಾಡೋ ಅಮೆರಿಕದ ಪಶುವೈದ್ಯರ ಸಂಘ 2021ರಲ್ಲಿ ಸ್ಪಷ್ಟವಾಗಿ ಹೇಳಿತು, ಎಲ್ಲ ನಾಯಿಗೂ, ಕಚ್ಚೋ ನಾಯಿಗೂ, ಬಹುಮಾನ ಕೊಟ್ಟು ಕಲಿಸೋ ದಾರಿಯೇ ಸರಿ, ಹೊಡೆದು ಹೆದರಿಸಿ ಕಲಿಸೋದು ಬೇಡ ಅಂತ.

ಮೇಷ್ಟ್ರು: 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದು ಶಾಲೆಯಲ್ಲಿ ಬೆತ್ತ ಕೈಬಿಡಬೇಕಾದಾಗ ಸ್ಟಾಫ್ ರೂಮಲ್ಲೂ ಇದೇ ಮಾತು ನಡೀತು. ಭಯ ಇಲ್ಲದೆ ಪಾಠ ಹೇಗೆ ನಡೆಯುತ್ತೆ ಅಂತ ಕೇಳಿದೋರಿದ್ದರು. ಪಾಠ ನಡೀತು. ಕೈ ಎತ್ತಿ ಪ್ರಶ್ನೆ ಕೇಳೋ ಮಕ್ಕಳು ಹೆಚ್ಚಾದರು. ಆದರೂ ಒಂದು ಅನುಮಾನ. ಹೆದರಿ ನಡುಗುವಾಗ ಸಮಾಧಾನ ಮಾಡಿದರೆ ಹೆದರೋದೇ ಅಭ್ಯಾಸ ಆಗಲ್ವಾ?

ಡಾಕ್ಟರು: ಆಗಲ್ಲ. ಭಯ ಅನ್ನೋದು ಬೇಕು ಅಂತ ಮಾಡೋ ಕೆಲಸ ಅಲ್ಲವಲ್ಲ, ಬಹುಮಾನ ಸಿಕ್ಕಿತು ಅಂತ ಹೆಚ್ಚಾಗೋಕೆ. ಹತ್ತಿರ ಬಂದರೆ ಜೊತೆಗಿರಿ. ದೀಪಾವಳಿಗೂ ಇದೇ ಮಾತು. ನಮಗೆ ಕೇಳದ ಎಷ್ಟೋ ಸದ್ದು ನಾಯಿಗೆ ಕೇಳುತ್ತೆ. ಪಟಾಕಿ ಶುರುವಾಗೋಕೆ ಮೊದಲೇ, ಬೆಳಕಿರುವಾಗಲೇ, ಹೊರಗೆ ಓಡಾಡಿಸಿಕೊಂಡು ಬನ್ನಿ. ಕಿಟಕಿ ಮುಚ್ಚಿ, ಫ್ಯಾನು, ರೇಡಿಯೊ ಹಾಕಿ ಒಳಗಿನ ಕೋಣೆಯಲ್ಲಿ ಇಟ್ಕೊಳ್ಳಿ. ಹಬ್ಬಕ್ಕೆ ಮುಂಚೆ ನನ್ನ ಹತ್ತಿರ ಬಂದರೆ ಆತಂಕ ತಗ್ಗಿಸೋ ಮಾತ್ರೆ ಕೊಡ್ತೀನಿ, ಮೊದಲ ಪಟಾಕಿಗೆ ಮುಂಚೆಯೇ ನುಂಗಿಸಬೇಕು. ಅಂಗಡಿಯಲ್ಲಿ ಕೇಳಿ ನಿದ್ದೆಮಾತ್ರೆ ತಂದು ಹಾಕಬೇಡಿ. ಕೆಲವು ಮಾತ್ರೆಗಳು ಮೈಯನ್ನ ಮಾತ್ರ ಕಟ್ಟಿಹಾಕ್ತವೆ, ಒಳಗೆ ಭಯ ಹಾಗೇ ಇರುತ್ತೆ.

ಮೇಷ್ಟ್ರು: ಇಷ್ಟೆಲ್ಲ ಮಾಡಿದರೂ ಮಂಚದ ಕೆಳಗಿಂದ ಬರಲೇ ಇಲ್ಲ ಅಂದರೆ?

ಡಾಕ್ಟರು: ಚರ್ಮ ಪೂರ್ತಿ ಮಾಗಿ, ನಿದ್ದೆ ಸರಿಹೋಗಿ, ಆಮೇಲೂ ಭಯ ಹಾಗೇ ಇದ್ದರೆ ದಿನಾ ಕೊಡೋ ಔಷಧಿಗಳಿವೆ. ಮನುಷ್ಯರಿಗೆ ಕೊಡೋ ಫ್ಲುಆಕ್ಸೆಟಿನ್ ನಾಯಿಗೂ ಇದೆ. ಕೆಲಸ ಮಾಡೋಕೆ ಕೆಲವು ವಾರ ಹಿಡಿಯುತ್ತೆ, ಪಾಠದ ಜೊತೆ ಕೊಟ್ಟರೇ ಪ್ರಯೋಜನ. ಅದರಲ್ಲಿ ನಾಚಿಕೆ ಪಡೋಂಥದ್ದೇನೂ ಇಲ್ಲ. ಆದರೆ ಇನ್ನೊಂದು ಮಾತೂ ಹೇಳಿಬಿಡ್ತೀನಿ. ಮರಿಗೆ ಮೂರು ವಾರದಿಂದ ಹನ್ನೆರಡು, ಹದಿನಾಲ್ಕು ವಾರದವರೆಗಿನ ಕಾಲ ಜಗತ್ತಿನ ಪರಿಚಯ ಆಗೋ ಕಾಲ. 1961ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದಲ್ಲಿ ಹದಿನಾಲ್ಕು ವಾರ ಮನುಷ್ಯರ ಒಡನಾಟವೇ ಇಲ್ಲದೆ ಬೆಳೆದ ಮರಿಗಳು ಆಮೇಲೆ ಎಷ್ಟು ಒಲಿಸಿದರೂ ಕಾಡುಪ್ರಾಣಿಗಳ ಹಾಗೇ ದೂರ ಉಳಿದವು. ಇದರ ಆ ಕಾಲ ಹೇಗೆ ಕಳೆಯಿತೋ ನಮಗೆ ಗೊತ್ತಿಲ್ಲ. ಹುಡುಗನ ಪಕ್ಕ ಹೋಗಿ ಮಲಗುತ್ತೆ ಅಂದರೆ ಯಾರೋ ಒಬ್ಬರು ಆಗ ಪ್ರೀತಿ ತೋರಿಸಿರಬೇಕು. ಬಂದೋರ ಮುಂದೆಲ್ಲ ಬಾಲ ಆಡಿಸೋ ನಾಯಿ ಇದು ಆಗದೇ ಇರಬಹುದು. ನಿಮ್ಮ ಮನೆಯ ಮೂರು ಜನರ ಎದುರು ನೆಮ್ಮದಿಯಾಗಿ ಮಲಗಿ ನಿದ್ದೆ ಮಾಡಿದರೆ ಅದು ವಾಸಿಯಾದ ಹಾಗೇ ಲೆಕ್ಕ.

ಮೇಷ್ಟ್ರು: ಕೊನೆಯದಾಗಿ ಒಂದು. ಇದು ಮಲಗ್ತಿದ್ದ ಹಳೇ ಬಸ್ ಸ್ಟಾಂಡಿನ ಹತ್ತಿರ ಇನ್ನೂ ಕೆಲವು ನಾಯಿಗಳಿವೆ. ಅವೂ ಕೆರ್ಕೊಳ್ತಾ ಇರ್ತವೆ.

ಡಾಕ್ಟರು: ಅವಕ್ಕೂ ಔಷಧಿ ಹಾಕಲೇಬೇಕು, ಇಲ್ಲದಿದ್ದರೆ ವಾಕಿಂಗಿಗೆ ಹೋದ ದಿನ ಇದಕ್ಕೆ ಮತ್ತೆ ಅಂಟುತ್ತೆ. ನೀವು ದಿನಾ ಅದೇ ಹೊತ್ತಿಗೆ ಹೋಗಿ ಅನ್ನ ಹಾಕಿ ಅಭ್ಯಾಸ ಮಾಡಿಸಿ. ನಾನು ಬಂದು ಒಂದೊಂದರ ತೂಕ ಅಂದಾಜು ಮಾಡಿ, ಅನ್ನದುಂಡೆಯಲ್ಲಿ ಮಾತ್ರೆ ಇಟ್ಟು ಕೊಡ್ತೀನಿ. ಯಾರೂ ಯಾವುದನ್ನೂ ಹಿಡೀಬೇಕಾಗಿಲ್ಲ. ಆ ಎಂಜಿನ್ ಆಯಿಲ್ ಕೊಟ್ಟವರಿಗೂ ಹೇಳಿ. ಅವರ ಮನಸ್ಸಲ್ಲಿ ಕನಿಕರ ಇದ್ದದ್ದಕ್ಕೇ ಡಬ್ಬಿ ತಂದದ್ದು. ಬೀದಿಯಲ್ಲಿ ಕೂದಲು ಉದುರಿದ ನಾಯಿ ಕಂಡರೆ ಕಲ್ಲೂ ಬೇಡ, ಎಣ್ಣೆಯೂ ಬೇಡ, ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಲಿ. ಕಜ್ಜಿಗೆ ಔಷಧಿ ಇದೆ, ಹೊತ್ತಿಗೆ ಸರಿಯಾಗಿ ಕೊಟ್ಟರೆ ಪೂರ್ತಿ ವಾಸಿಯಾಗುತ್ತೆ.